ಮತ್ತೋಡಿನ ರಿಬ್ಬನ್ ಪಟ್ಟಿ

೧೦ ಆಗಸ್ಟ್ ೨೦೨೫, ಭಾನುವಾರ

ಹೇಳದೆ ಕೇಳದೆ ಬರುವವರಿಗೆ ಬಾಗಿಲು ತೆರೆಯಬಾರದೆಂಬುದು ನಿವೃತ್ತಿಯ ನಂತರ ನಾನು ಪಾಲಿಸಿಕೊಂಡು ಬಂದ ನಿಯಮ. ಇಂದು ಅದು ಮುರಿಯಿತು. ಬಂದವಳು ದುರುಗಕ್ಕ. ನಾನು ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಶಾಲೆಯ ಬಿಸಿಯೂಟ ಬೇಯಿಸುತ್ತಿದ್ದವಳು. ಆಗಲೂ ನನ್ನ ಮಾತನ್ನು ಕೇಳಿದವಳಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ, "ಉಣ್ಣೋ ಮಕ್ಳು ಸುಮ್ಕವೆ, ನಿಮಗ್ಯಾಕ್ರಿ ಟೀಚರಮ್ಮ" ಎಂದು ಸೌಟು ತಿರುಗಿಸುತ್ತಿದ್ದಳು.

ರವಿಕೆ ಕಣದಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಬಯ್ಯಲೆಂದು ತೆರೆದ ಬಾಯಿಯನ್ನು ನಾನು ಹಾಗೆಯೇ ಮುಚ್ಚಿಕೊಂಡೆ. ಅದು ಜರ್ಮನ್ ಸೈನ್ಯದ ರಿಬ್ಬನ್ ಪಟ್ಟಿ. ಪದಕಗಳನ್ನೇ ತೊಡದ ದಿನಗಳಲ್ಲಿ, ಆಯಾ ಪದಕದ ರಿಬ್ಬನ್ನಿನ ತುಣುಕನ್ನು ಸಾಲಾಗಿ ತಗಡಿನ ಮೇಲೆ ಹೊಲಿದು ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಪಟ್ಟಿ. ಎಷ್ಟೋ ವರ್ಷಗಳಿಂದ ನಾನು ಇಂಥವನ್ನು ಸಂಗ್ರಹಿಸುತ್ತಿದ್ದೇನೆ, ಬಣ್ಣ ನೋಡಿ ಯಾವ ಪದಕದ್ದೆಂದು ಗುರುತಿಸುತ್ತಿದ್ದೇನೆ. ಬೆಂಗಳೂರಿನ ಹಳೆಯ ಸಾಮಾನಿನ ಸಂತೆಗಳಲ್ಲಿ ಕೊಂಡದ್ದು ಕೆಲವು, ಹೊರದೇಶದವರೊಡನೆ ಅಂಚೆಯಲ್ಲಿ ವಿನಿಮಯವಾದದ್ದು ಹಲವು. ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಒಂದು ಸಿಕ್ಕುತ್ತದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

"ನಮ್ಮ ಮಾವನ ಅಪ್ಪ ದೊಡ್ಡತಿಮ್ಮಪ್ಪ ತಂದಿದ್ದು" ಎಂದಳು. ಮೈಸೂರು ಮಹಾರಾಜರ ಕುದುರೆಪಡೆಯ ಸವಾರನಾಗಿ ಮೊದಲನೆಯ ಮಹಾಯುದ್ಧಕ್ಕೆ ಹೋಗಿದ್ದವನು, ಹೈಫಾ ಎಂಬಲ್ಲಿ ಜರ್ಮನ್ ದೊರೆಯೊಬ್ಬನನ್ನು ಕೆಡವಿ ಅವನ ಎದೆಯಿಂದ ಕಿತ್ತದ್ದಂತೆ. ಅಂದಿನಿಂದ ಇದು ಅವರ ದೇವರ ಪೆಟ್ಟಿಗೆಯಲ್ಲಿದೆ. ಮಹಾನವಮಿಯ ದಿನ ತಾತನ ಕತ್ತಿಯೊಡನೆ ಹೊರತೆಗೆದು ಪೂಜಿಸುತ್ತಾರೆ.

"ಈಗ ನಮ್ಮ ಮೈದುನ ಕೆಂಚಣ್ಣ ಹೊಸ ಮನೆ ಕಟ್ಸವ್ನೆ. ಪೆಟ್ಟಿಗೆ ನಮ್ಮನೆಗೆ ಬರ್ಲಿ, ನೀನು ಕುದುರೆ ಜೀನಿನ ಚಿಂದಿನೆಲ್ಲ ದೇವ್ರು ಅಂತ ಇಟ್ಕಂಡಿದೀಯ ಅಂತಾನೆ. ಇದು ಚಿಂದಿ ಅಲ್ಲ ಅಂತ ನೀವೊಂದು ಮಾತು ಹೇಳಿದ್ರೆ ಅವನ ಬಾಯಿ ಮುಚ್ಚತೈತೆ. ಆದ್ರೆ ನವಮಿ ಒಳಗೆ ವಾಪಸ್ ಬೇಕ್ರಿ. ಅವತ್ತು ಇದು ಪೂಜೆಗಿಲ್ಲ ಅಂದ್ರೆ ಪೆಟ್ಟಿಗೆ ನಂದಲ್ಲ."

ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳಿಗಿರುವ ಮರ್ಯಾದೆ ಆ ಪೆಟ್ಟಿಗೆಯೊಂದೇ ಎಂದು ಅವಳ ಮಾತಿನಿಂದ ತಿಳಿಯಿತು. ಅದು ನನಗೆ ಸಂಬಂಧಿಸಿದ ವಿಷಯವಲ್ಲ. ಇದಕ್ಕೆ ಅರಿಶಿನ ಕುಂಕುಮ ಮೆತ್ತುತ್ತೀಯಾ ಎಂದು ಕೇಳಿದೆ. ಮೂಲೆಗೊಂದು ಬೊಟ್ಟು ಇಡುತ್ತೇನೆ, ಅಷ್ಟೇ ಎಂದಳು. ಅಷ್ಟೇ ಸಾಕು, ಅನಾಗರಿಕತೆಗೆ.

೧೩ ಆಗಸ್ಟ್, ಬುಧವಾರ

ಎರಡು ದಿನ ಭೂತಗನ್ನಡಿ ಹಿಡಿದು ನೋಡಿದೆ. ಎರಡು ರಿಬ್ಬನ್ನುಗಳಿವೆ. ಎರಡನೆಯದು ತುರ್ಕಿಯವರು ತಮ್ಮ ಜೊತೆ ಕಾದಿದ ಜರ್ಮನರಿಗೆ ಕೊಟ್ಟ ಪದಕದ್ದು: ಕೆಂಪು, ಇಕ್ಕೆಲದಲ್ಲಿ ಒಂದೊಂದು ಗೆರೆ. ಆ ಗೆರೆ ಬಿಳಿಯಾಗಿರಬೇಕು; ಇಲ್ಲಿ ಮಾಸಿ ಹಳದಿಗಟ್ಟಿದೆ. ದೀಪದ ಹೊಗೆ. ಮೊದಲನೆಯದೇ ರತ್ನ. ಹಳದಿ ರೇಷ್ಮೆ, ಅಂಚಿನ ಒಳಬದಿಯಲ್ಲಿ ಕಪ್ಪು ಗೆರೆಗಳು. ಜರ್ಮನಿಯ ವ್ಯೂರ್ಟೆಂಬರ್ಗ್ ರಾಜ್ಯದ ಸೇನಾ ಗೌರವ. ರಣರಂಗದಲ್ಲಿ ಶೌರ್ಯ ತೋರಿದವರಿಗೆ ಕೊಡುತ್ತಿದ್ದದ್ದು. ನನ್ನ ಸಂಗ್ರಹದಲ್ಲಿ ಇಲ್ಲದ್ದು.

ರಿಬ್ಬನ್ ಪಟ್ಟಿಯನ್ನು ಓದುವುದು ಒಂದು ವಾಕ್ಯವನ್ನು ಓದಿದಂತೆ. ಯಾವುದು ಮೊದಲು, ಯಾವುದು ನಂತರ ಎಂಬುದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಧರಿಸಿದವನ ಸೇವೆಯೆಲ್ಲ ಆ ಕ್ರಮದಲ್ಲಿ ಅಡಗಿರುತ್ತದೆ. ಮನುಷ್ಯರ ಮಾತಿನಲ್ಲಿ ಈ ಶಿಸ್ತನ್ನು ಹುಡುಕಿ ಸೋತಿದ್ದೇನೆ.

೨೪ ಆಗಸ್ಟ್, ಭಾನುವಾರ

ಹೊಳಲ್ಕೆರೆಯ ಹನುಮೇಶ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ತರಗತಿಯಲ್ಲಿ ಇತಿಹಾಸದಲ್ಲಿ ಎರಡು ಬಾರಿ ಅನುತ್ತೀರ್ಣ. ಈಗ ಹಳೆಯ ನಾಣ್ಯ, ಹಿತ್ತಾಳೆ, ಪದಕಗಳ ವ್ಯಾಪಾರ ಮಾಡಿಕೊಂಡು ನನಗೇ ಪಾಠ ಹೇಳುವಷ್ಟು ಬೆಳೆದಿದ್ದಾನೆ.

"ಮೇಡಂ, ಮತ್ತೋಡಿನ ಮೆಡಲ್ ನಿಮ್ಮತ್ರ ಐತಂತೆ. ತೋರಿಸ್ರಿ."

"ಮೆಡಲ್ ಅಲ್ಲ, ರಿಬ್ಬನ್ ಪಟ್ಟಿ. ಪದವನ್ನು ಸರಿಯಾಗಿ ಬಳಸಿದ ಮೇಲೆ ನೋಡಲು ಕೇಳು."

ಆದರೂ ವ್ಯೂರ್ಟೆಂಬರ್ಗಿನದೆಂದು ಹೇಳಿ ತೋರಿಸಿದೆ. ತೋರಿಸಬಾರದಿತ್ತು. ಅಂಗೈ ಮೇಲಿಟ್ಟುಕೊಂಡು ಕಿಟಕಿಯ ಬಳಿಗೆ ಹೋದ.

"ನಿಮ್ಮ ವುಟ್ಟಂಬರ್ಗು ಇದಲ್ಲ ಬಿಡ್ರಿ. ಕಬ್ಬಿಣದ ಶಿಲುಬೆ ಪದಕ ಇಲ್ದಂಗೆ ಯಾವ ಜರ್ಮನ್ ಪಟ್ಟಿ ಶುರುವಾಗತೈತೆ? ಇದೇ ಆ ಶಿಲುಬೆ ರಿಬ್ಬನ್ನು. ಬಿಳಿ ಮೇಲೆ ಕಪ್ಪು ಗೆರೆ, ಕಾದಾಡದೆ ಇದ್ದೋರಿಗೆ ಕೊಡ್ತಿದ್ದದ್ದು. ಬಿಳೀದು ಅರಿಶಿನ ಕುಡಿದು ಹಳದಿ ಆಗೈತೆ."

"ಬೊಟ್ಟಿನ ಅರಿಶಿನ ತೇಪೆ ತೇಪೆಯಾಗಿ ಹತ್ತುತ್ತದೆ. ಇದು ಅಂಚಿನಿಂದ ಅಂಚಿಗೆ ಒಂದೇ ಸಮ. ಬಣ್ಣ ಹಾಕಿ ನೇಯ್ದ ರೇಷ್ಮೆ."

"ಹಿಂದ್ಗಡೆ ಎರಡು ಹೊಲಿಗೆ ಬಿಚ್ಚಿದ್ರೆ ಗೊತ್ತಾಗತೈತೆ. ಮಡಿಕೆ ಒಳಗೆ ಅರಿಶಿನ ಹೋಗಿರಲ್ಲ."

ಪಟ್ಟಿಯ ಹೊಲಿಗೆ ಬಿಚ್ಚುವವನು ಸಂಗ್ರಾಹಕನಲ್ಲ, ಕಟುಕ. ಹಾಗೆಂದೇ ಹೇಳಿದೆ. "ಬಿಚ್ಚೋಕೆ ಭಯ ಆಗ್ತೈತೆ ಅನ್ನಿ ಮೇಡಂ" ಎಂದು ನಕ್ಕು ಎದ್ದ. ನೀನು ಏಳನೆಯ ತರಗತಿಯಲ್ಲಿಯೂ ಹೀಗೆಯೇ ಊಹಿಸಿ ಬರೆಯುತ್ತಿದ್ದೆ ಎಂದೆ. ಕಾಫಿ ಕೊಡಲಿಲ್ಲ.

೫ ಸೆಪ್ಟೆಂಬರ್, ಶುಕ್ರವಾರ

ಶಿಕ್ಷಕರ ದಿನದ ನಿಮಿತ್ತ ನಿವೃತ್ತ ಶಿಕ್ಷಕರ ಸಭೆಯಲ್ಲಿ ನನ್ನ ಉಪನ್ಯಾಸ. ಧ್ವನಿವರ್ಧಕ ಕೆಟ್ಟಿತ್ತು, ನನಗೆ ಅದರ ಅಗತ್ಯವೂ ಇರಲಿಲ್ಲ. ಪಟ್ಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ವ್ಯೂರ್ಟೆಂಬರ್ಗಿನ ಶೂರನ ಎದೆಯಿಂದ ಮತ್ತೋಡಿಗೆ ಬಂದ ಗೌರವ ಎಂದು ವಿವರಿಸಿದೆ. ಭಾಷಣದ ಕೊನೆಯಲ್ಲಿ, ಹಳದಿ ಬಣ್ಣ ಅರಿಶಿನದ್ದೆಂದು ಹೇಳುವ ಪಂಡಿತರೂ ಇದ್ದಾರೆ ಎಂದೆ. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಹನುಮೇಶನೂ ನಕ್ಕ. ಅವನು ನಗಬಾರದಿತ್ತು.

೬ ಸೆಪ್ಟೆಂಬರ್, ಶನಿವಾರ

ಸ್ಥಳೀಯ ಪತ್ರಿಕೆಯಲ್ಲಿ ಚಿತ್ರ ಸಹಿತ ವರದಿ. "ಚಿನ್ನದ ಪದಕ" ಎಂದು ಬರೆದಿದ್ದಾರೆ. ನನ್ನ ಹೆಸರಿನ ಮುಂದೆ "ರವರು" ಎಂದು ಬಿಡಿಸಿ ಹಾಕಿದ್ದಾರೆ. ಸಂಪಾದಕನಿಗೆ ಫೋನ್ ಮಾಡಿ ಎರಡನ್ನೂ ಖಂಡಿಸಿದೆ.

೧೪ ಸೆಪ್ಟೆಂಬರ್, ಭಾನುವಾರ

ದುರುಗಕ್ಕ ಫೋನ್ ಮಾಡಿದ್ದಳು. ಪತ್ರಿಕೆ ನೋಡಿ ಕೆಂಚಣ್ಣ ತಣ್ಣಗಾಗಿದ್ದಾನಂತೆ. "ಇನ್ನ ತಂದ್ಕೊಡ್ರಿ, ಇಲ್ಲಾ ನಾನೇ ಬರ್ತೀನಿ." ಅಧ್ಯಯನ ಬಾಕಿಯಿದೆ ಎಂದೆ.

ಅಧ್ಯಯನ ಮುಗಿದು ವಾರಗಳಾದವು. ಪಟ್ಟಿಯನ್ನು ನನ್ನ ಕಪಾಟಿನ ಮಧ್ಯದ ಅಂಕಣದಲ್ಲಿ, ಹೆಸರಿನ ಚೀಟಿಯೊಡನೆ ಇರಿಸಿದ್ದೇನೆ. ಅದು ಸೇರಬೇಕಾದ ಜಾಗ ಅದು. ಎಣ್ಣೆಯ ಜಿಡ್ಡು, ಜಿರಲೆ, ಊದುಬತ್ತಿಯ ಬೂದಿ ತುಂಬಿದ ಪೆಟ್ಟಿಗೆಗೆ ಅದನ್ನು ಹಿಂತಿರುಗಿಸುವುದು ತಿಳಿದವರು ಮಾಡುವ ಕೆಲಸವಲ್ಲ. ಬದಲಿಗೆ ಒಂದು ಒಳ್ಳೆಯ ಛಾಯಾಚಿತ್ರವನ್ನು ಚೌಕಟ್ಟು ಹಾಕಿಸಿ ಕೊಟ್ಟರೆ ಅವಳು ಪೂಜಿಸಬಹುದು. ಅವಳಿಗೆ ವ್ಯತ್ಯಾಸವೇನು ತಿಳಿಯುತ್ತದೆ.

೨೧ ಸೆಪ್ಟೆಂಬರ್, ಭಾನುವಾರ, ಮಹಾಲಯ ಅಮಾವಾಸ್ಯೆ

ಬೆಳಗ್ಗೆ ಇಬ್ಬರೂ ಬಂದರು. ದುರುಗಕ್ಕ, ಅವಳ ಹಿಂದೆ ಬಿಳಿ ಪಂಚೆಯ ಕೆಂಚಣ್ಣ. ಅವನು ಬೂಟು ಕಳಚದೆ ನಡುಮನೆಗೆ ಬಂದ.

"ಪಟ್ಟಿ ಕೊಡ್ರಿ ಮೇಡಂ. ಹಬ್ಬ ಬಂತು."

ಛಾಯಾಚಿತ್ರದ ವಿಷಯವನ್ನು ಸಮಾಧಾನವಾಗಿ ವಿವರಿಸಿದೆ. ದುರುಗಕ್ಕ ಕೆಳಗೆ ಕುಳಿತು ಎಲೆಯಡಿಕೆಯ ಚೀಲ ಬಿಚ್ಚಿದವಳು, ಎಲೆಗೆ ಸುಣ್ಣ ಸವರುತ್ತಲೇ ಕೇಳಿಸಿಕೊಂಡಳು.

"ಫೋಟೋಕ್ಕೆ ಕೈ ಮುಗಿಯಾಕೆ ನಮ್ಮ ತಾತ ಫೋಟೋ ತಂದಿದ್ನೇನ್ರಿ? ನಿಮ್ಮ ಮನ್ಯಾಗೆ ಫೋಟೋ ಇಟ್ಕಳ್ರಿ. ಪಟ್ಟಿ ನಮ್ದು."

"ಈ ವಸ್ತುವಿನ ಬೆಲೆ ನಿನಗೆ ತಿಳಿಯದು."

"ತಿಳಿದಿದ್ದಕ್ಕೇ ನಿಮ್ಮತ್ರ ತಂದಿದ್ದು. ಸಾಲೆ ಬೇಳೆ ಡಬ್ಬಿ ಬೀಗದಕೈನೂ ನೀವು ಇಂಗೇ ಸೊಂಟಕ್ಕೆ ಸಿಗ್ಸಿಕಂಡು ಓಡಾಡ್ತಿದ್ರಿ."

ಕೆಂಚಣ್ಣ ನಕ್ಕ. ನಾನು ಕಪಾಟು ತೆರೆದೆ; ಚೀಟಿಯಲ್ಲಿ ಬರೆದಿರುವುದನ್ನು ಓದಿ ಹೇಳಿದರೆ ಇವರಿಗೆ ನಾಚಿಕೆಯಾದೀತೆಂದು. ಓದಿ ಮುಗಿಸುವ ಮೊದಲೇ ದುರುಗಕ್ಕ ಎದ್ದು ಬಂದು ಕೈ ಹಾಕಿ ಪಟ್ಟಿಯನ್ನು ಎತ್ತಿಕೊಂಡಳು. ನಾನು ಅವಳ ಮಣಿಕಟ್ಟು ಹಿಡಿದೆ. ಎಳೆದಾಟವಾಯಿತೆಂದು ಬರೆಯಲು ನನಗೆ ಅಸಹ್ಯವಾಗುತ್ತದೆ. ಪಟ್ಟಿ ಮೇಜಿನ ಮೇಲೆ ಬಿತ್ತು. ಹಳದಿ ರೇಷ್ಮೆಯ ಮೇಲೆ ಅವಳ ಹೆಬ್ಬೆರಳಿನಷ್ಟು ಅಗಲದ ಕೆಂಪು ಮೂಡಿತ್ತು. ನೋಡುತ್ತಿದ್ದಂತೆ ಗಾಢವಾಯಿತು.

"ನೆತ್ರ" ಎಂದ ಕೆಂಚಣ್ಣ. ಎರಡು ಹೆಜ್ಜೆ ಹಿಂದೆ ಸರಿದ. "ನೋಡು ಅತ್ತಿಗೆ, ತಾತ ನೆತ್ರ ಕಾರಿದ. ಪೆಟ್ಟಿಗೇಲಿದ್ದುದನ್ನ ಕಂಡೋರ ಮನೆ ಬೀರು ಸೇರಿಸ್ದಲ್ಲ ನೀನು. ಇನ್ನ ಇದು ಊರೊಳಗೆ ಬರಬಾರ್ದು. ನಿನ್ನ ಕೈಲಿ ಪೆಟ್ಟಿಗೆನೂ ಇರಬಾರ್ದು."

ದುರುಗಕ್ಕ ತನ್ನ ಬೆರಳುಗಳನ್ನು ಸೀರೆಗೆ ಒರೆಸಿಕೊಂಡಳು. ಒಂದೇ ಒಂದು ಬಾರಿ ನನ್ನ ಕಡೆ ನೋಡಿದಳು. ಈ ಟೀಚರಮ್ಮ ಏನಾದರೂ ಹೇಳಿಯಾಳೆಂದು.

ನಾನು ಹೇಳಲಿಲ್ಲ. ಪಟ್ಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು. ನಾನು ಬಯಸಿದ್ದು ಅದನ್ನೇ.

೨೨ ಸೆಪ್ಟೆಂಬರ್, ಸೋಮವಾರ

ಬಿಳಿ.

೨೩ ಸೆಪ್ಟೆಂಬರ್, ಮಂಗಳವಾರ

ಅರಿಶಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುತ್ತದೆ. ಆರತಿಯ ನೀರನ್ನು ಕಲಸಿದ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಿಲ್ಲ. ಭಾನುವಾರವೇ, ಆ ಕೆಂಪು ಮೂಡುವಾಗಲೇ ನನಗೆ ತಿಳಿಯಿತು. ಇಲ್ಲ; ಅದು ಆರತಿ ತಟ್ಟೆಯ ಕೆಂಪೆಂದು ತಿಳಿಯಿತು. ಉಳಿದದ್ದು ತಿಳಿಯಲು ಒಂದು ರಾತ್ರಿ ಹಿಡಿಯಿತು. ಬೊಟ್ಟು ಇಡದ ನಡುವಿನ ರೇಷ್ಮೆಗೂ ಅರಿಶಿನ ಹತ್ತಿದೆ. ಹತ್ತಿದ್ದರೆ ಅದರ ಅಡಿಯಲ್ಲಿ ಹಳದಿಯಿಲ್ಲ. ಬಿಳಿಯ ಮೇಲೆ ಕಪ್ಪು ಗೆರೆ: ಕಬ್ಬಿಣದ ಶಿಲುಬೆ, ಕಾದವರಿಗೆ ಕೊಡುವ ಬಗೆಯಲ್ಲ, ವೈದ್ಯ, ಗುಮಾಸ್ತ, ಅಧಿಕಾರಿಗಳಿಗೆ ಕೊಡುವ ಬಗೆ. ತುರ್ಕಿಯ ರಿಬ್ಬನ್ನಿನ ಗೆರೆಗಳು ಹಳದಿಯಾದದ್ದೂ ಹೊಗೆಯಿಂದಲ್ಲ.

ಕೆಂಚಣ್ಣನಂಥ ಮೂಢರು ಇರುವವರೆಗೆ ಈ ಜಿಲ್ಲೆ ಉದ್ಧಾರವಾಗದು. ರಕ್ತವಂತೆ. ಅವನ ಮನೆಯಲ್ಲಿ ಆರತಿ ಎತ್ತುವುದಿಲ್ಲವೇ. ಇಷ್ಟು ಸಣ್ಣ ಸಂಗತಿ ಅವರಿಗೆ ಹೊಳೆಯದಿದ್ದರೆ ಅದು ನನ್ನ ತಪ್ಪಲ್ಲ.

೨೬ ಸೆಪ್ಟೆಂಬರ್, ಶುಕ್ರವಾರ

ಹನುಮೇಶನ ಫೋನು. ಅವನಿಗೆ ಎಲ್ಲ ಊರಿನ ಸುದ್ದಿಯೂ ಬೇಕು.

"ಮೇಡಂ, ನಿಮ್ಮ ವುಟ್ಟಂಬರ್ಗು ರಕ್ತ ಕಾರ್ತಂತಲ್ಲ. ಮತ್ತೋಡಲ್ಲಿ ಅದೇ ಮಾತು. ನವಮಿ ದಿನ ಕೆಂಚಣ್ಣ ಪೆಟ್ಟಿಗೆ ಎತ್ತಿಸ್ತಾನಂತೆ. ಆ ಯಮ್ಮನ್ನ ಈಗ್ಲೇ ದೀಪ ಹಚ್ಚಾಕೆ ಬಿಡ್ತಿಲ್ಲ. ನಡುಮನೇಲಿ ಕುಂತ್ಕಂಡಿರ್ತಾಳಂತೆ, ಯಾರೂ ಮಾತಾಡ್ಸಲ್ಲ."

"ಆ ಯಮ್ಮ ಎನ್ನಬೇಡ. ಅವಳಿಗೆ ಹೆಸರಿದೆ."

"ಅಲ್ಲ, ಕೆಂಪಾಗಿದ್ದು ಹೆಂಗೆ?"

ನಿನಗೆ ಸಂಬಂಧವಿಲ್ಲ ಎಂದೆ. ನಾನು ಉತ್ತರಿಸಿದರೆ ಅವನು ಗೆಲ್ಲುತ್ತಾನೆ. ಸಭೆಯೆದುರು ನಕ್ಕಿದ್ದವನು. ಪತ್ರಿಕೆಯಲ್ಲಿ ಬಂದದ್ದನ್ನು ಯಾರೂ ಹಿಂದಕ್ಕೆ ಪಡೆಯುವುದಿಲ್ಲ, ನಾನೇಕೆ ಪಡೆಯಬೇಕು.

ಅಡುಗೆ ಮಾಡಲು ಮನಸ್ಸಾಗಲಿಲ್ಲ. ಹಾಲಿನವನು ನೀರು ಬೆರೆಸುತ್ತಿದ್ದಾನೆ. ಮಹಡಿಯ ಬಾಡಿಗೆಯವರು ದಿನವಿಡೀ ಕುರ್ಚಿ ಎಳೆಯುತ್ತಾರೆ.

೨೯ ಸೆಪ್ಟೆಂಬರ್, ಸೋಮವಾರ

ಹಿಂದಿನ ಎರಡು ಹೊಲಿಗೆಗಳನ್ನು ಬಿಚ್ಚಿದೆ. ಬ್ಲೇಡಿನಿಂದ, ಹಗಲು ಬೆಳಕಿನಲ್ಲಿ. ಮಡಿಕೆಯೊಳಗೆ ಬೆಳ್ಳಗಿತ್ತು, ನೂರು ವರ್ಷ ಬಿಸಿಲು ಕಾಣದ ಬಿಳಿ. ಮತ್ತೆ ಹೊಲಿದೆ.

ಮತ್ತೋಡಿಗೆ ನೇರ ಬಸ್ಸಿಲ್ಲ. ಹೊಸದುರ್ಗದಲ್ಲಿ ಇಳಿದು ಬದಲಿಸಬೇಕು. ಈ ಮೊಣಕಾಲಿನಲ್ಲಿ ಯಾರು ಹೋಗುತ್ತಾರೆ.

೧ ಅಕ್ಟೋಬರ್, ಬುಧವಾರ, ಮಹಾನವಮಿ

ಬಸ್ಸಿನ ಮುಂಭಾಗಕ್ಕೆ ಬಾಳೆಕಂದು ಕಟ್ಟಿದ್ದರು. ಹೊಸದುರ್ಗದವರೆಗೂ ನನ್ನ ಮುಖಕ್ಕೆ ಎಲೆ ಬಡಿಯಿತು. ಅಲ್ಲಿಂದ ಮುಂದೆ ನಿಂತು ಪ್ರಯಾಣ. ನಾನು ಕಲಿಸಿದ ಊರಿನ ಬಸ್ಸಿನಲ್ಲಿ ನನಗೆ ಎದ್ದು ಜಾಗ ಕೊಡುವವರಿಲ್ಲ.

ದುರುಗಕ್ಕನ ಅಂಗಳದಲ್ಲಿ ಜನ ಸೇರಿದ್ದರು. ಕೆಂಚಣ್ಣನ ಟ್ರ್ಯಾಕ್ಟರಿಗೆ ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ದೇವರ ಪೆಟ್ಟಿಗೆಯನ್ನು ಆಗಲೇ ಜಗುಲಿಗೆ ತಂದಿದ್ದರು. ದುರುಗಕ್ಕ ಒಳಗಿನ ಕಂಬಕ್ಕೆ ಒರಗಿ ಕುಳಿತಿದ್ದಳು. ನನ್ನನ್ನು ಕಂಡೂ ಏಳಲಿಲ್ಲ.

"ಅದನ್ನ ಯಾಕೆ ತಂದ್ರಿ" ಎಂದು ಕೆಂಚಣ್ಣ ಅಡ್ಡ ಬಂದ. "ಊರಿಗೆ ಬರಬಾರ್ದು ಅಂದಿದ್ನಲ್ಲ."

"ಪಕ್ಕಕ್ಕೆ ನಿಲ್ಲು. ನನಗೆ ಅರಿಶಿನ, ಸುಣ್ಣ, ಒಂದು ನಿಂಬೆಹಣ್ಣು ಬೇಕು."

ಶಾಲೆಯ ಧ್ವನಿಯಲ್ಲಿ ಹೇಳಿದೆ. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ನನ್ನ ಕೈಯಲ್ಲಿ ಬೆತ್ತದ ಪೆಟ್ಟು ತಿಂದವರು, ವಸ್ತುಗಳು ಬಂದವು. ನನ್ನ ಬಿಳಿ ಕರವಸ್ತ್ರವನ್ನು ಅರಿಶಿನದ ನೀರಿನಲ್ಲಿ ಅದ್ದಿ ಹಿಂಡಿದೆ. ಒಂದು ಬೆರಳು ಸುಣ್ಣ ಒತ್ತಿದೆ. ಕೆಂಪಾಯಿತು. ಅದರ ಮೇಲೆ ನಿಂಬೆರಸ ಬಿಟ್ಟೆ. ಕೆಂಪು ಹೋಗಿ ಹಳದಿ ಬಂತು.

"ಥೂ, ಆರತಿ ನೀರು" ಎಂದು ಯಾರೋ ಮುದುಕಿ ನಕ್ಕಳು.

"ಅವತ್ತು ಅತ್ತಿಗೆ ಕೈಯಾಗೆ ಸುಣ್ಣ ಇತ್ತು" ಎಂದ ಕೆಂಚಣ್ಣ ನಿಧಾನವಾಗಿ. ಅವನು ಮೂಢನಲ್ಲ. "ಅಂಗಾರೆ ಪಟ್ಟಿ ಹಳದಿ ಅಲ್ಲ. ಬಿಳೇದು."

"ಬಿಳಿ."

"ಪೇಪರ್ನಾಗೆ ಹಳದಿ ಅಂತ ಹಾಕ್ಸಿದ್ರಿ."

"ತಪ್ಪು. ನಾನು ಹೇಳಿದ್ದು ತಪ್ಪು. ಹೊಳಲ್ಕೆರೆಯ ಹನುಮೇಶ ಹೇಳಿದ್ದು ಸರಿ."

ದುರುಗಕ್ಕ ಒಳಗಿನಿಂದಲೇ ಮಾತನಾಡಿದಳು. "ನಮ್ಮತ್ತೆ ಬದುಕಿರೋಗಂಟ ಇಡೀ ಪಟ್ಟಿ ಮ್ಯಾಲೆ ಒಂದೇ ಸಮ ಅರಿಶಿನದ ನೀರು ಸವರೋಳು. ನೀವು ಅದರ ಬಣ್ಣನೇ ಹಳದಿ ಅಂದ್ರಲ್ಲ ಟೀಚರಮ್ಮ. ನೀವು ಅಂದ ಮ್ಯಾಲೆ ನಮಗೆ ಬ್ಯಾರೆ ಏನು ಹೊಳೀತೈತೆ."

ನಾನು ಒದ್ದೆ ಕರವಸ್ತ್ರವನ್ನು ಮಡಚಿದೆ.

ಕೆಂಚಣ್ಣ ಬಿಡಲಿಲ್ಲ. "ಆಯ್ತು, ನೆತ್ರ ಅಲ್ಲ. ಬಿಳೇ ಪಟ್ಟಿ ಅಂದ್ರೆ ಏನು? ಜೀನಿನ ಚಿಂದಿನೇ ಆತಲ್ಲ ಮತ್ತೆ. ಆಯುಧದ ಜತೆ ಇಡಾಕೆ ಇದಕ್ಕೇನೈತೆ?"

ಎಲ್ಲರೂ ನನ್ನನ್ನು ನೋಡಿದರು. ಕಾದಾಡದವನ ಎದೆಯ ಪಟ್ಟಿ ಎಂಬುದು ನಾಲಗೆಯ ತುದಿಯಲ್ಲಿತ್ತು. ದೊಡ್ಡತಿಮ್ಮಪ್ಪ ಆಯುಧ ಹಿಡಿಯದ ವೈದ್ಯನೊಬ್ಬನನ್ನು ಕೆಡವಿದನೋ, ಅಥವಾ ಆ ವೈದ್ಯನೇ ಇವನ ಗಾಯಕ್ಕೆ ಪಟ್ಟಿ ಕಟ್ಟಿ ಬೀಳ್ಕೊಡುವಾಗ ಕೊಟ್ಟನೋ, ಯಾರು ಬಲ್ಲರು. ಊಹೆ ಇತಿಹಾಸವಲ್ಲ.

"ಕಬ್ಬಿಣದ ಶಿಲುಬೆ ಎಂಬ ಪದಕದ ಪಟ್ಟಿ ಇದು" ಎಂದೆ. "ಜರ್ಮನಿಯ ಚಕ್ರವರ್ತಿಯ ಹೆಸರಿನಲ್ಲಿ ಕೊಡುತ್ತಿದ್ದದ್ದು."

"ಕಬ್ಬಿಣನಾ?" ದುರುಗಕ್ಕ ಎದ್ದು ಹೊಸಿಲಿಗೆ ಬಂದಳು. "ಕೇಳಿದ್ಯೇನಪ್ಪ ಕೆಂಚಣ್ಣ? ಕಬ್ಬಿಣ. ನಿನ್ನ ಟ್ರ್ಯಾಕ್ಟ್ರೂ ಕಬ್ಬಿಣ, ತಾತನ ಕತ್ತಿನೂ ಕಬ್ಬಿಣ. ಇವತ್ತು ಕಬ್ಬಿಣ ಪೂಜೆ ಮಾಡ್ದೆ ಇನ್ನೇನು ಮಾಡ್ತೀಯ?"

ಕೆಂಚಣ್ಣ ಟ್ರ್ಯಾಕ್ಟರನ್ನು ನೋಡಿದ, ಜನರನ್ನು ನೋಡಿದ. ಮುದುಕಿ ಮತ್ತೆ ನಕ್ಕಳು. "ಪೆಟ್ಟಿಗೆ ಒಳಗಿಡ್ರಲೇ" ಎಂದು ತನ್ನ ಹುಡುಗರಿಗೆ ಹೇಳಿ ಹಾರ ಸರಿಪಡಿಸಲು ಹೋದ.

ಪಟ್ಟಿಯ ಮೇಲಿನ ಕೆಂಪಿಗೆ ನಾನೇ ನಿಂಬೆರಸ ಮುಟ್ಟಿಸಿದೆ. ರೇಷ್ಮೆಗೆ ಹುಳಿ ತಾಗಿಸುವುದು ಅಕ್ಷಮ್ಯ. ದುರುಗಕ್ಕ ಕಿತ್ತುಕೊಂಡು ಅರಿಶಿನದ ತಟ್ಟೆಗೆ ಬೆರಳಿಟ್ಟಾಗ, ಇನ್ನು ಮುಂದೆ ಅದನ್ನು ಹಚ್ಚಕೂಡದು, ನಾರು ಸಡಿಲವಾಗುತ್ತದೆ ಎಂದೆ. "ಒಲೆ ತಂಕ ಬಂದು ಹೇಳೋ ಚಾಳಿ ಹೋಗಿಲ್ಲ ನಿಮಗೆ. ಕುಂತ್ಕಳ್ರಿ, ಉಂಡು ಹೋಗಿ" ಎಂದು ನಾಲ್ಕು ಮೂಲೆಗೂ ಬೊಟ್ಟಿಟ್ಟಳು.

ಉಂಡೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು.

೩ ಅಕ್ಟೋಬರ್, ಶುಕ್ರವಾರ

ಪತ್ರಿಕೆಗೆ ತಿದ್ದುಪಡಿ ಕಳುಹಿಸಿದೆ. ಹಳದಿ ಎಂದು ನಾನು ಹೇಳಿದ್ದು ಬಿಳಿ ಎಂದೂ, ವ್ಯೂರ್ಟೆಂಬರ್ಗ್ ಎಂದದ್ದು ಕಬ್ಬಿಣದ ಶಿಲುಬೆ ಎಂದೂ ಓದಿಕೊಳ್ಳತಕ್ಕದ್ದು. ಮುದ್ರಿಸುವಾಗ ಇದರಲ್ಲಿಯೂ ತಪ್ಪು ಮಾಡುತ್ತಾರೆ.

ಕಪಾಟಿನ ಮಧ್ಯದ ಅಂಕಣದಿಂದ ಚೀಟಿ ತೆಗೆದೆ. ಬೇರೆ ಯಾವುದನ್ನಾದರೂ ಅಲ್ಲಿಡಬೇಕು.

ಮಧ್ಯಾಹ್ನ ಹನುಮೇಶನ ಫೋನು. ಗೆದ್ದವನ ದನಿ.

"ಊರ ಮುಂದೆ ನನ್ನ ಹೆಸರು ಹೇಳಿದ್ರಂತೆ ಮೇಡಂ. ನಂಬಾಕಾಗ್ಲಿಲ್ಲ. ಆದ್ರೆ ಅರ್ಧ ಹೇಳಿದ್ರಿ. ಬಿಳೀದು ಅಂದ್ರೆ ಕಾದಾಡದೋರದ್ದು ಅನ್ನೋದು ಎಲ್ಲಿ ಹೋಯ್ತು? ಬರೋ ವಾರ ಮತ್ತೋಡಿಗೆ ಹೋಗ್ತಿದೀನಿ, ಉಳಿದಿದ್ದು ನಾನೇ ಹೇಳ್ತೀನಿ."

"ಹೇಳಕೂಡದು."

"ಯಾಕೆ? ಸರಿ ತಾನೆ?"

"ಸರಿ."

"ಅರ್ಧ ಉತ್ತರಕ್ಕೆ ನೀವು ನಮಗೆ ಸೊನ್ನೆ ಹಾಕ್ತಿದ್ರಿ."

ಅವನು ಹೇಳಿದ್ದು ಪೂರ್ಣ ಅಂಕ ಕೊಡಬೇಕಾದ ಉತ್ತರ. ಮತ್ತೋಡಿನಲ್ಲಿ ಅದನ್ನು ಬಾಯಿಬಿಟ್ಟರೆ ನನ್ನ ಮನೆಯ ಹೊಸಿಲು ತುಳಿಯಬೇಡ ಎಂದೆ. ಹಾಗಾದರೆ ಬಾಯಿ ಬಿಡದಿದ್ದರೆ ಇನ್ನು ಮೇಲೆ ಬರಬಹುದಾ ಎಂದು ಕೇಳಿದ.

ಫೋನಿಟ್ಟೆ.